ಅಡಿಕೆಕಾಯಿ ನೆತ್ತಿಯಲ್ಲಿ ನಿಲ್ಲುತ್ತದೆಯೇ?

ಸಾಗರ, ತೀರ್ಥಹಳ್ಳಿ ಕಡೆಯ ಯಾವುದಾದರೂ ಪಿಯು ತರಗತಿಯಲ್ಲಿ ಕೇಳಿ ನೋಡಿ. ಅಡಿಕೆಕಾಯಿಯೊಂದನ್ನು ನೆಟ್ಟಗೆ ಮೇಲಕ್ಕೆ ಎಸೆದರೆ ಎತ್ತರ ಮತ್ತು ಕಾಲದ ಗ್ರಾಫ್ ಹೇಗಿರುತ್ತದೆ? ಮಕ್ಕಳು ಕಮಾನು ಬರೆಯುತ್ತಾರೆ. ಸರಿಯೇ. ಹಾಗಾದರೆ ಕಾಯಿ ಹೋದ ದಾರಿ ಯಾವುದು? ಎಷ್ಟೋ ಬೆರಳುಗಳು ಅದೇ ಕಮಾನಿನ ಮೇಲೆ ಓಡುತ್ತವೆ. ಅಯ್ಯೋ, ಕಾಯಿ ನೆಟ್ಟಗೆ ಹೋಗಿ ನೆಟ್ಟಗೇ ಬಂತಲ್ವಾ! ಪಕ್ಕಕ್ಕೆ ಸರಿದದ್ದು ಕಾಲ, ಕಾಯಿ ಅಲ್ಲ.

ಬೋರ್ಡಿನ ಮೇಲೆ ಇನ್ನೊಂದು ಕಮಾನು ಬರೆದರೆ ಈ ಗೊಂದಲ ಹೋಗುವುದಿಲ್ಲ. ಗ್ರಾಫ್ ಕಣ್ಣೆದುರು ಓಡಬೇಕು. ಗ್ರಾಫ್ ಬರೆಯುವ ಪರದೆಯಿರುವ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಪ್ಯಾರಾಮೆಟ್ರಿಕ್ ಮೋಡಿಗೆ, ಅಂದರೆ ಎಕ್ಸ್, ವೈ ಎರಡನ್ನೂ ಕಾಲ ಟಿಯಿಂದಲೇ ಲೆಕ್ಕ ಹಾಕುವ ಬಗೆಗೆ, ಹಾಕಿ ಎರಡು ಜೋಡಿ ಸೂತ್ರ ಕೊಡಿ. ಎರಡರಲ್ಲೂ ವೈ ಎಂದರೆ ಎತ್ತರ: 14.7ಟಿ − 4.9ಟಿ². ಎಕ್ಸ್ ಮಾತ್ರ ಬೇರೆ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಟಿ. ಎರಡೂ ಒಟ್ಟಿಗೆ ಓಡುವ ಮೋಡ್ ಆರಿಸಿ. ಎಡಗಡೆ ಒಂದು ಚೆಂಡು ಸುಮ್ನೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಬಲಗಡೆಯದು ಪ್ರತಿ ಕ್ಷಣವೂ ಎಡಗಡೆಯದರಷ್ಟೇ ಎತ್ತರದಲ್ಲಿದ್ದು ಕಮಾನು ಬರೆಯುತ್ತಾ ಹೋಗುತ್ತದೆ. ಆ ಯಂತ್ರ ನಮ್ಮ ಕಡೆ ಅಪರೂಪ. ಡೆಸ್ಮೋಸ್, ಜಿಯೋಜೀಬ್ರಾ ಎಂಬ ಗ್ರಾಫ್ ಆ್ಯಪ್‌ಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ, ಟಿ ಸ್ಲೈಡರ್ ಒತ್ತಿದರೆ ಮುಗಿಯಿತು.

ನನಗೆ ಇಷ್ಟವಾದ ಭಾಗ ಇದರ ನಂತರದ್ದು. ಯಂತ್ರ ನಿಜವಾಗಿ ಏನನ್ನೂ ಓಡಿಸುವುದಿಲ್ಲ. ಸಮಾನ ಕಾಲದ ಹೆಜ್ಜೆ ಹಾಕಿ ಒಂದೊಂದು ಚುಕ್ಕಿ ಇಡುತ್ತದೆ. ಹೆಜ್ಜೆ ಅರ್ಧ ಸೆಕೆಂಡ್ ಎಂದಿಟ್ಟುಕೊಳ್ಳಿ. ಎತ್ತರಗಳು 0, 6.125, 9.8, 11.025 ಮೀಟರ್. ಒಂದೂವರೆ ಸೆಕೆಂಡಿಗೆ ನೆತ್ತಿ. ಈಗ ನೆತ್ತಿಯಿಂದ ಕೆಳಕ್ಕೆ ಒಂದೊಂದು ಹೆಜ್ಜೆಯ ಅಂತರ ಅಳೆಯಿರಿ: 1.225, ಆಮೇಲೆ 3.675, ಆಮೇಲೆ 6.125. ಮೊದಲನೆಯದರಿಂದ ಭಾಗಿಸಿದರೆ 1, 3, 5! ಬೀಳುವ ವಸ್ತುವಿನ ಈ ಬೆಸ ಸಂಖ್ಯೆಗಳ ನಿಯಮವನ್ನು ಗೆಲಿಲಿಯೊ 1638ರ ಪುಸ್ತಕದಲ್ಲಿ ವಿವರಿಸಿದ್ದಾನೆ. ಅವನ ಹತ್ತಿರ ಸ್ಟಾಪ್‌ವಾಚ್ ಇರಲಿಲ್ಲ. ಇಳಿಜಾರಿನಲ್ಲಿ ಗುಂಡು ಉರುಳಿಸಿ, ಅಷ್ಟರಲ್ಲಿ ಸಣ್ಣ ಧಾರೆಯಲ್ಲಿ ಸುರಿದ ನೀರನ್ನು ತೂಗಿ ಕಾಲ ಅಳೆದ. ಅದಕ್ಕೂ ಹಿಂದೆ, 1150ರಲ್ಲಿ, ನಮ್ಮ ಭಾಸ್ಕರಾಚಾರ್ಯ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು, ಅಂದರೆ ಆ ಹೊತ್ತಿನ ವೇಗವನ್ನು, ಲೆಕ್ಕ ಹಾಕಿದ್ದ. ಅಷ್ಟಕ್ಕೇ ಇಡೀ ಕ್ಯಾಲ್ಕುಲಸ್ (ಬದಲಾವಣೆಯ ದರ ಲೆಕ್ಕ ಹಾಕುವ ಗಣಿತ) ನಮ್ಮದೇ ಎಂದು ವಾಟ್ಸಾಪಿನಲ್ಲಿ ಕುಣಿಯುವುದು ಬೇಡ. ಅವನು ಮಾಡಿದ್ದೇ ಸಾಕಷ್ಟು ದೊಡ್ಡದು.

ಇನ್ನು ನೆತ್ತಿಯ ವಿಷಯ. 'ಸಾರ್, ಚೆಂಡು ಮೇಲೆ ಸ್ವಲ್ಪ ಹೊತ್ತು ನಿಂತಿತು' ಎನ್ನುತ್ತಾರೆ ಮಕ್ಕಳು. ಹೌದು, ಪರದೆಯಲ್ಲಿ ನಿಲ್ಲುತ್ತದೆ! ಹಳೆಯ ಟಿಐ-83 ಗ್ರಾಫಿಂಗ್ ಕ್ಯಾಲ್ಕುಲೇಟರಿನ ಪರದೆಯ ಎತ್ತರ ಬರೀ 64 ಚುಕ್ಕಿ. ಅದರಲ್ಲಿ 12 ಮೀಟರ್ ತೋರಿಸಿದರೆ ಒಂದು ಚುಕ್ಕಿಗೆ ಸುಮಾರು 19 ಸೆಂಟಿಮೀಟರ್. ನೆತ್ತಿ ದಾಟಿ 0.1 ಸೆಕೆಂಡ್ ಕಳೆದರೂ ಕಾಯಿ ಇಳಿದಿರುವುದು ಐದು ಸೆಂಟಿಮೀಟರಿಗೂ ಕಡಿಮೆ. ಅಷ್ಟಕ್ಕೆ ಪರದೆಯಲ್ಲಿ ಚೆಂಡು ಹೆಚ್ಚಾಗಿ ಮಿಸುಕುವುದೇ ಇಲ್ಲ.

ಹಾಗಾದರೆ ಅಲ್ಲಿ ವೇಗ ಎಷ್ಟು? ನೆತ್ತಿಗೆ ಮುಂಚಿನ 0.1 ಸೆಕೆಂಡಿನಲ್ಲಿ ಸರಾಸರಿ ವೇಗ ಸೆಕೆಂಡಿಗೆ 0.49 ಮೀಟರ್. ಹೆಜ್ಜೆಯನ್ನು 0.01 ಮಾಡಿ, 0.049 ಆಗುತ್ತದೆ. 0.001 ಮಾಡಿ, 0.0049. ಹೆಜ್ಜೆ ಕಿರಿದಾದಷ್ಟೂ ವೇಗ ಸೊನ್ನೆಗೆ ಹತ್ತಿರ. ಹಾಗಂತ ಸೊನ್ನೆ ವೇಗದಲ್ಲಿ ಅದು ಒಂದಿಷ್ಟು ಹೊತ್ತೂ ಕೂರುವುದಿಲ್ಲ. ಕೆಳಮುಖ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ನೆತ್ತಿಯಲ್ಲೂ ಅದೇ: ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 9.8 ಮೀಟರಿನಷ್ಟು ಬದಲಾಗುತ್ತದೆ. ಅದೂ ಸೊನ್ನೆಯಾಗಿದ್ದರೆ ಕಾಯಿ ಮರಳಿ ಬರುತ್ತಲೇ ಇರಲಿಲ್ಲ.

ಇಷ್ಟಾದ ಮೇಲೆ ಜೋಗಕ್ಕೆ ಬನ್ನಿ. 253 ಮೀಟರ್ ಎತ್ತರಕ್ಕೆ ಇದೇ ಸೂತ್ರ ಹಾಕಿದರೆ ಸುಮಾರು 7.2 ಸೆಕೆಂಡಿನ ಬೀಳು, ತಳದಲ್ಲಿ ವೇಗ ಗಂಟೆಗೆ 250 ಕಿಲೋಮೀಟರ್! ಆದರೆ ಚದುರಿದ ಹನಿಗಳನ್ನು ಗಾಳಿ ತಡೆಯುತ್ತದೆ. ದೊಡ್ಡ ಮಳೆಹನಿ ಕೂಡ ಸೆಕೆಂಡಿಗೆ ಸುಮಾರು 9 ಮೀಟರಿಗಿಂತ ಜೋರಾಗಿ ಬೀಳುವುದಿಲ್ಲ. ಗಾಳಿಯ ತಡೆಯನ್ನೂ ಸೂತ್ರಕ್ಕೆ ಸೇರಿಸಿ ಓಡಿಸಿ ನೋಡಿ: ಚುಕ್ಕಿಗಳ ಅಂತರ ಮೊದಲು ಹಿಗ್ಗುತ್ತದೆ, ಆಮೇಲೆ ಸಮವಾಗುತ್ತದೆ, ಗ್ರಾಫ್ ಬಾಗುವುದನ್ನು ಬಿಟ್ಟು ನೇರ ಗೆರೆಯಾಗಿ ಇಳಿಯುತ್ತದೆ.