ಬಂದೂಕು ಕಾರ್ಖಾನೆಗಳ ನೆಲೆ ಮತ್ತು ಸ್ಥಳಾಂತರ: ಅಮೆರಿಕದ ಉದಾಹರಣೆಯ ಮೇಲೊಂದು ಅಧ್ಯಯನ ಟಿಪ್ಪಣಿ

ಕೈಗಾರಿಕೆಗಳ ನೆಲೆಯ ಕುರಿತ ಅಧ್ಯಾಯದಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಉಕ್ಕು, ಸಕ್ಕರೆ, ಸಿಮೆಂಟಿನ ಉದಾಹರಣೆಗಳು. ಅಲ್ಲೆಲ್ಲ ಕಚ್ಚಾವಸ್ತುವಿನ ತೂಕವೇ ಮುಖ್ಯವಾದ್ದರಿಂದ ಕೈಗಾರಿಕೆಗಳ ನೆಲೆಯ ಸಿದ್ಧಾಂತ ರೂಪಿಸಿದ ಜರ್ಮನ್ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೆಬರನ ಸಾಗಣೆ ವೆಚ್ಚದ ಲೆಕ್ಕ ಸಲೀಸಾಗಿ ಕೂರುತ್ತದೆ; ಭದ್ರಾವತಿಯ ಕಾರ್ಖಾನೆಗೂ ಕೆಮ್ಮಣ್ಣುಗುಂಡಿಯ ಅದಿರಿಗೂ ಇದ್ದ ನಂಟನ್ನು ವಿವರಿಸಿದರೆ ಅರ್ಧ ಉತ್ತರ ಮುಗಿಯುತ್ತದೆ. ಬಂದೂಕಿನ ವಿಷಯ ಹಾಗಲ್ಲ. ಕೆಲವೇ ಕಿಲೋ ತೂಗುವ, ತೂಕಕ್ಕೆ ಹೋಲಿಸಿದರೆ ಬೆಲೆ ಬಹಳ ಹೆಚ್ಚಾಗಿರುವ ವಸ್ತು ಅದು. ಸಾಗಣೆ ವೆಚ್ಚ ಇಲ್ಲಿ ಬಹುತೇಕ ಗೌಣವಾಗಿ, ಕುಶಲ ಕೆಲಸಗಾರರು ಮತ್ತು ಒಂದೇ ಕಸುಬಿನ ಘಟಕಗಳ ಒಗ್ಗೂಡುವಿಕೆ ಎಂಬ ಎರಡು ಅಂಶಗಳು ಮುನ್ನೆಲೆಗೆ ಬರುತ್ತವೆ. ಅವುಗಳ ಜೊತೆಗೆ ರಾಜ್ಯಗಳ ಕಾನೂನು ಸೇರಿಕೊಂಡಾಗ ಲೆಕ್ಕ ಜಟಿಲವಾಗುತ್ತದೆ.

ಕಣಿವೆಯಲ್ಲಿ ನೆಲೆ ನಿಂತದ್ದು

ಅಮೆರಿಕದ ಬಂದೂಕು ಉದ್ಯಮದ ತವರು ಈಶಾನ್ಯದ ಕನೆಕ್ಟಿಕಟ್ ನದಿ ಕಣಿವೆ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1777ರಲ್ಲಿ ಶಸ್ತ್ರಾಗಾರವೂ 1794ರಲ್ಲಿ ಸರ್ಕಾರಿ ಬಂದೂಕು ಕಾರ್ಖಾನೆಯೂ ಸ್ಥಾಪನೆಯಾದವು. ಆ ಊರು ನದಿ ದಂಡೆಯಲ್ಲಿದ್ದರೂ ಕೆಳಗಿನ ಎನ್‌ಫೀಲ್ಡ್‌ನ ರಭಸದ ಹರಿವನ್ನು ದಾಟಿ ಶತ್ರುವಿನ ಯುದ್ಧನೌಕೆ ಅಲ್ಲಿಗೆ ಬರುವಂತಿರಲಿಲ್ಲ. ಮಿಲ್ ನದಿಯಿಂದ ಯಂತ್ರಗಳಿಗೆ ನೀರಿನ ಬಲವೂ ದೊರೆಯುತ್ತಿತ್ತು. ಇವೆರಡೂ ಕಾರಣಗಳು ಕಾಲಕ್ರಮೇಣ ಅರ್ಥ ಕಳೆದುಕೊಂಡವು, ಸರ್ಕಾರಿ ಕಾರ್ಖಾನೆಯೂ 1968ರಲ್ಲಿ ಮುಚ್ಚಿತು. ಆದರೆ ಅಷ್ಟರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟ್, ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ ಸ್ಮಿತ್ ಆ್ಯಂಡ್ ವೆಸ್ಸನ್, ನ್ಯೂ ಹೇವನ್‌ನಲ್ಲಿ ವಿಂಚೆಸ್ಟರ್ ಮತ್ತು ಮಾರ್ಲಿನ್ ಬೇರು ಬಿಟ್ಟಿದ್ದವು.

ಕಾರಣ ಅಳಿದ ಮೇಲೂ ಉದ್ಯಮ ಉಳಿಯುವುದನ್ನು ಪಠ್ಯಪುಸ್ತಕಗಳು ಕೈಗಾರಿಕಾ ಜಡತ್ವ ಎನ್ನುತ್ತವೆ. ಇಲ್ಲಿ ಉಳಿದದ್ದು ಕೈಚಳಕ. ಒಂದು ಬಂದೂಕಿನ ಬಿಡಿಭಾಗ ಇನ್ನೊಂದಕ್ಕೂ ಹೊಂದಬೇಕಾದರೆ ಪ್ರತಿಯೊಂದು ಭಾಗವನ್ನೂ ಗೇಜು ಎಂಬ ಅಳತೆಯ ಸಾಧನದಲ್ಲಿಟ್ಟು ಪರೀಕ್ಷಿಸಬೇಕು, ಆ ಗೇಜನ್ನೇ ತಯಾರಿಸಬಲ್ಲ ಕುಶಲರು ಬೇಕು, ಅವರಿಗೆ ನಿಖರವಾದ ಯಂತ್ರಗಳು ಬೇಕು. ಕೋಲ್ಟ್ ಕಾರ್ಖಾನೆಯಲ್ಲಿ ದುಡಿದಿದ್ದ ಫ್ರಾನ್ಸಿಸ್ ಪ್ರ್ಯಾಟ್ ಮತ್ತು ಏಮಸ್ ವಿಟ್ನಿ 1860ರಲ್ಲಿ ಅದೇ ಹಾರ್ಟ್‌ಫರ್ಡ್‌ನಲ್ಲಿ ಯಂತ್ರೋಪಕರಣಗಳ ಸಂಸ್ಥೆ ಕಟ್ಟಿದ್ದು ಈ ಸರಪಣಿಯ ಒಂದು ಕೊಂಡಿ.

ಮಾರಾಟದ ಕಾನೂನು, ತಯಾರಿಕೆಯ ಕಾನೂನು

ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಗೊಂದಲ ತಂದ ಭಾಗ ಇದಾದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ನಂತರ, 2013ರಲ್ಲಿ ನ್ಯೂಯಾರ್ಕ್, ಕನೆಕ್ಟಿಕಟ್, ಮೇರಿಲ್ಯಾಂಡ್ ಮತ್ತು ಕೊಲೊರಾಡೊ ರಾಜ್ಯಗಳು ಬಂದೂಕು ಕಾನೂನನ್ನು ಬಿಗಿಗೊಳಿಸಿದವು. ಅದರ ಬೆನ್ನಿಗೇ ಕಂಪನಿಗಳು ದಕ್ಷಿಣಕ್ಕೂ ಪಶ್ಚಿಮಕ್ಕೂ ಹೊರಟವು. ಇದನ್ನು ಓದಿದ ಕೂಡಲೇ 'ಕಾನೂನು ತಯಾರಿಕೆಯನ್ನು ನಿಷೇಧಿಸಿತು, ಅದಕ್ಕೆ ಕಾರ್ಖಾನೆ ಹೋಯಿತು' ಎಂದು ಮನಸ್ಸು ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಆದರೆ ಈ ಕಾನೂನುಗಳ ಮುಖ್ಯ ಗುರಿ ಆ ರಾಜ್ಯದೊಳಗಿನ ಮಾರಾಟ ಮತ್ತು ಸ್ವಾಧೀನ.

ಒಂದು ರೈಫಲ್ ಮಾದರಿಯನ್ನು ನ್ಯೂಯಾರ್ಕ್‌ನಲ್ಲಿ ಮಾರುವಂತಿಲ್ಲ ಎಂದು ಇಟ್ಟುಕೊಳ್ಳೋಣ. ಅದನ್ನು ನ್ಯೂಯಾರ್ಕ್ ರಾಜ್ಯದ ಇಲಿಯನ್ ಊರಿನಲ್ಲಿ ತಯಾರಿಸಿದರೆ ನ್ಯೂಯಾರ್ಕ್‌ನಲ್ಲಿ ಮಾರಲಾಗುವುದಿಲ್ಲ, ಟೆಕ್ಸಸ್‌ನಲ್ಲಿ ಮಾರಬಹುದು. ಅದನ್ನೇ ಅಲಬಾಮದಲ್ಲಿ ತಯಾರಿಸಿದರೆ? ಆಗಲೂ ನ್ಯೂಯಾರ್ಕ್‌ನಲ್ಲಿ ಮಾರಲಾಗುವುದಿಲ್ಲ, ಟೆಕ್ಸಸ್‌ನಲ್ಲಿ ಮಾರಬಹುದು. ಕಾರ್ಖಾನೆ ಎಲ್ಲಿಗೆ ಹೋದರೂ ಮಾರುಕಟ್ಟೆ ಒಂದಿಷ್ಟೂ ಹಿಗ್ಗಲಿಲ್ಲ. ಮಾರಾಟದ ಕಾನೂನು ಕೊಳ್ಳುವವನ ವಿಳಾಸ ನೋಡುತ್ತದೆ, ತಯಾರಿಕೆಯ ಕಾನೂನು ಕಾರ್ಖಾನೆಯ ವಿಳಾಸ ನೋಡುತ್ತದೆ. ಸ್ಥಳಾಂತರದಿಂದ ತಪ್ಪಿಸಿಕೊಳ್ಳಬಹುದಾದದ್ದು ಎರಡನೆಯದರಿಂದ ಮಾತ್ರ. ಯಾವುದೇ ಪ್ರಕರಣವನ್ನು ಓದುವಾಗ ಈ ಒಂದು ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಈ ಪ್ರಶ್ನೆಯನ್ನು ಬೆರೆಟ್ಟಾ ಪ್ರಕರಣಕ್ಕೆ ಹಾಕಿ ನೋಡಬಹುದು. ಮೇರಿಲ್ಯಾಂಡ್‌ನ ಆಕೊಕೀಕ್‌ನಲ್ಲಿದ್ದ ಈ ಇಟಾಲಿಯನ್ ಸಂಸ್ಥೆಯ ಘಟಕಕ್ಕೆ ಮಸೂದೆಯ ಮೊದಲ ಕರಡಿನಿಂದ ನಿಜವಾಗಿಯೂ ತಯಾರಿಕೆಯ ತೊಡಕು ಎದುರಾಗಿತ್ತು. ಆದರೆ ಅಂಗೀಕಾರವಾಗುವ ಹೊತ್ತಿಗೆ ಆ ಅಂಶವನ್ನು ತೆಗೆಯಲಾಗಿತ್ತು. ಹಾಗಿದ್ದೂ 2014ರಲ್ಲಿ ಕಂಪನಿಯು ತಯಾರಿಕೆಯನ್ನು ಟೆನೆಸ್ಸಿಯ ಗ್ಯಾಲಟಿನ್‌ಗೆ ಒಯ್ಯುವುದಾಗಿ ಪ್ರಕಟಿಸಿತು. ಆ ನಿರ್ಬಂಧ ಮುಂದೆಂದಾದರೂ ಮರಳಿ ಬಂದೀತು ಎಂಬ ಭಯವೇ ಅದು ಕೊಟ್ಟ ಕಾರಣ. ಅಂದರೆ ಇದ್ದ ಕಾನೂನಿಗಿಂತ ಬರಬಹುದಾದ ಕಾನೂನು ಹೆಚ್ಚು ತೂಗಿತು. ಸ್ಮಿತ್ ಆ್ಯಂಡ್ ವೆಸ್ಸನ್ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. 2021ರಲ್ಲಿ ಮ್ಯಾಸಚೂಸೆಟ್ಸ್ ಶಾಸಕಾಂಗದ ಮುಂದೆ ಬಂದ ಮಸೂದೆ ನೇರವಾಗಿ ತಯಾರಿಕೆಯನ್ನೇ ಹಿಡಿದಿತ್ತು: ಕೆಲವು ಬಗೆಯ ಬಂದೂಕುಗಳನ್ನು ನಾಗರಿಕರಿಗಾಗಿ ಅಲ್ಲಿ ತಯಾರಿಸುವಂತೆಯೇ ಇರಲಿಲ್ಲ. ತನ್ನ ವರಮಾನದ ಶೇ. 60ಕ್ಕೂ ಹೆಚ್ಚು ಭಾಗ ಅಂಥ ಸರಕಿನಿಂದಲೇ ಬರುತ್ತದೆ ಎಂದ ಕಂಪನಿ, ಮಸೂದೆ ಅಂಗೀಕಾರವಾಗಿರದಿದ್ದರೂ ಟೆನೆಸ್ಸಿಯ ಮೇರಿವಿಲ್‌ಗೆ ಹೊರಡುವ ತೀರ್ಮಾನವನ್ನು ಸೆಪ್ಟೆಂಬರ್‌ನಲ್ಲಿ ಘೋಷಿಸಿತು.

ಕಾನೂನಿನ ಹೆಸರಿನಲ್ಲಿ ಇನ್ನೂ ಎರಡು ಸಂಗತಿಗಳು ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಮೊದಲನೆಯದು ಗ್ರಾಹಕರ ಮುನಿಸು. 2000ನೇ ಇಸವಿಯಲ್ಲಿ ಕ್ಲಿಂಟನ್ ಸರ್ಕಾರದೊಂದಿಗೆ ಸುರಕ್ಷತಾ ಒಪ್ಪಂದ ಮಾಡಿಕೊಂಡ ಸ್ಮಿತ್ ಆ್ಯಂಡ್ ವೆಸ್ಸನ್ ಮೇಲೆ ಬಂದೂಕು ಪ್ರಿಯರು ಬಹಿಷ್ಕಾರ ಹೂಡಿದರು, 1987ರಲ್ಲಿ 11.2 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿದ್ದ ಬ್ರಿಟನ್ನಿನ ಟಾಮ್ಕಿನ್ಸ್ ಸಂಸ್ಥೆ 2001ರಲ್ಲಿ 1.5 ಕೋಟಿ ಡಾಲರ್‌ಗೆ ಕೈತೊಳೆದುಕೊಂಡಿತು. ಆ ನೆನಪಿರುವ ಉದ್ಯಮಕ್ಕೆ ತಾನು ಯಾವ ರಾಜ್ಯಕ್ಕೆ ತೆರಿಗೆ ಕಟ್ಟುತ್ತಿದ್ದೇನೆ ಎಂಬುದೂ ಜಾಹೀರಾತಿನ ಭಾಗವೇ. ಎರಡನೆಯದು ಕೂಲಿ, ತೆರಿಗೆ ಮತ್ತು ಕಾರ್ಮಿಕ ಸಂಘ. ಇಲಿಯನ್ನಿನ ರೆಮಿಂಗ್ಟನ್ ಬಂದೂಕು ಕಂಪನಿಯ ಕೆಲಸಗಾರರು ಸಂಘಟಿತರಾಗಿದ್ದರು. ಆ ಕಂಪನಿ ಆರಿಸಿಕೊಂಡ ಜಾರ್ಜಿಯದಲ್ಲಿ ಸಂಘದ ಸದಸ್ಯತ್ವವನ್ನು ಕೆಲಸಕ್ಕೆ ಷರತ್ತಾಗಿಸಲು ಬರುವುದಿಲ್ಲ. ಪತ್ರಿಕಾ ಪ್ರಕಟಣೆಯಲ್ಲಿ ಹಕ್ಕುಗಳ ಮಾತು ದೊಡ್ಡದಾಗಿಯೂ ಕೂಲಿಯ ಮಾತು ಚಿಕ್ಕದಾಗಿಯೂ ಇದ್ದರೆ ಅದನ್ನು ಹಾಗೆಯೇ ನಂಬಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೋದದ್ದೇನು, ಉಳಿದದ್ದೇನು

'ಕಂಪನಿ ಸ್ಥಳಾಂತರವಾಯಿತು' ಎಂಬ ವಾಕ್ಯವನ್ನು ಒಡೆದು ನೋಡಬೇಕು. ಸ್ಮಿತ್ ಆ್ಯಂಡ್ ವೆಸ್ಸನ್ ಮೇರಿವಿಲ್‌ಗೆ ಒಯ್ದದ್ದು ಪ್ರಧಾನ ಕಚೇರಿ, ಪ್ಲಾಸ್ಟಿಕ್ ಅಚ್ಚಿನ ಕೆಲಸ, ಪಿಸ್ತೂಲು ಮತ್ತು ರೈಫಲ್‌ಗಳ ಜೋಡಣೆ, ಹಾಗೂ ವಿತರಣೆ. ಸುಮಾರು 750 ಉದ್ಯೋಗಗಳ ಮಾತು ಅದು. ಕಮ್ಮಾರಿಕೆ, ಲೋಹದ ಕಡಿತ, ಮೆರುಗು, ರಿವಾಲ್ವರ್ ಜೋಡಣೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ ಉಳಿದು, ಸಾವಿರದಷ್ಟು ಕೆಲಸಗಾರರು ಅಲ್ಲಿಯೇ ಮುಂದುವರಿಯುವುದೆಂದು ಕಂಪನಿ ಹೇಳಿತು. ಹೊಸ ಊರಿನ ಹೊಸಬರಿಗೆ ಬೇಗ ಕಲಿಸಬಹುದಾದ ಕೆಲಸ ಹೋಯಿತು. ಕೈಗೆ ಹತ್ತಲು ವರ್ಷಗಳು ಹಿಡಿಯುವ ಕೆಲಸ ನಿಂತಿತು. ವೆಬರನ ಒಗ್ಗೂಡುವಿಕೆಯ ಲಾಭ ಎಲ್ಲಿ ಇನ್ನೂ ಜೀವಂತವಾಗಿದೆ ಎಂದು ತಿಳಿಯಲು ಈ ವಿಂಗಡಣೆಗಿಂತ ಒಳ್ಳೆಯ ಪುರಾವೆ ನನಗೆ ಕಂಡಿಲ್ಲ.

ಹಾಗೆ ವಿಂಗಡಿಸದೆ ಒಯ್ದರೆ ಏನಾಗುತ್ತದೆ ಎಂಬುದಕ್ಕೆ ಮಾರ್ಲಿನ್ ಸಾಕ್ಷಿ. ರೆಮಿಂಗ್ಟನ್ ಇದನ್ನು ಕೊಂಡು, ಕನೆಕ್ಟಿಕಟ್‌ನ ನಾರ್ತ್ ಹೇವನ್ ಕಾರ್ಖಾನೆಯನ್ನು 2011ರಲ್ಲಿ ಮುಚ್ಚಿ, ತಯಾರಿಕೆಯನ್ನು ಇಲಿಯನ್‌ಗೆ ಸಾಗಿಸಿತು. ಹಳೆಯ ಯಂತ್ರಗಳು ಬಂದವು, ಅವುಗಳ ಓರೆಕೋರೆಗಳನ್ನು ಬಲ್ಲ ಹಳೆಯ ಕೈಗಳು ಬರಲಿಲ್ಲ. ಮರದ ಹಿಡಿ ಲೋಹಕ್ಕೆ ಸರಿಯಾಗಿ ಕೂರದ, ಗುರಿಗಣ್ಣು ವಾರೆಯಾದ ರೈಫಲ್‌ಗಳ ಬಗ್ಗೆ ವರ್ಷಗಟ್ಟಲೆ ದೂರುಗಳು ಬಂದವು. ರೆಮಿಂಗ್ಟನ್ 2020ರಲ್ಲಿ ಎರಡನೆಯ ಬಾರಿ ದಿವಾಳಿಯಾದಾಗ ರೂಗರ್ ಸಂಸ್ಥೆ ಮಾರ್ಲಿನ್ ಹೆಸರನ್ನು ಕೊಂಡು, ತಯಾರಿಕೆಯನ್ನು ತನ್ನ ಉತ್ತರ ಕ್ಯಾರೊಲಿನಾದ ಮೇಯೊಡನ್ ಘಟಕದಲ್ಲಿ ಹೊಸದಾಗಿ ಆರಂಭಿಸಬೇಕಾಯಿತು.

ಹೋಗಬೇಕೇ?

ಕಂಪನಿಯ ದೃಷ್ಟಿಯಿಂದ, ತಯಾರಿಕೆಯನ್ನೇ ತಡೆಯುವ ಕಾನೂನು ಬಾಗಿಲಿಗೆ ಬಂದಿದ್ದರೆ ಜೋಡಣೆಯನ್ನು ಒಯ್ಯುವುದು ಸಮರ್ಥನೀಯ. ಮಾರಾಟದ ಕಾನೂನಿಗೆ ಮುನಿದು ಹೋಗುವುದು ವ್ಯಾಪಾರದ ಲೆಕ್ಕದಲ್ಲಿ ದುರ್ಬಲ. ಬರಮಾಡಿಕೊಳ್ಳುವ ರಾಜ್ಯದ ದೃಷ್ಟಿಯಿಂದ ಹೆಚ್ಚಿನ ಎಚ್ಚರ ಬೇಕು. ಅಲಬಾಮದ ಹಂಟ್ಸ್‌ವಿಲ್‌ಗೆ 2014ರಲ್ಲಿ ರೆಮಿಂಗ್ಟನ್ ಬಂದಾಗ ಸುಮಾರು 7 ಕೋಟಿ ಡಾಲರ್‌ಗಳ ಸವಲತ್ತಿಗೆ ಪ್ರತಿಯಾಗಿ ಎರಡು ಸಾವಿರದಷ್ಟು ಉದ್ಯೋಗದ ಭರವಸೆ ಸಿಕ್ಕಿತ್ತು. ಆ ಸಂಖ್ಯೆ ಎಂದೂ ತುಂಬಲಿಲ್ಲ, ಕಂಪನಿಯೇ ಮುಳುಗಿತು. ಬಿಟ್ಟುಹೋದ ಊರಿನ ಪಾಡು ಇನ್ನೂ ಕಷ್ಟದ್ದು. ಸುಮಾರು ಎರಡು ಶತಮಾನ ರೆಮಿಂಗ್ಟನ್ ಹೆಸರನ್ನೇ ನಂಬಿದ್ದ ಇಲಿಯನ್‌ನಲ್ಲಿ 2024ರ ಮಾರ್ಚ್‌ನಲ್ಲಿ ದಿವಾಳಿಯ ನಂತರ ಹೊಸ ಮಾಲೀಕರ ಕೈ ಸೇರಿದ್ದ ಕಾರ್ಖಾನೆ ಮುಚ್ಚುವಾಗ ಉಳಿದಿದ್ದ ಕೆಲಸಗಾರರು ಸುಮಾರು 270 ಮಂದಿ ಮಾತ್ರ. ಉತ್ಪಾದನೆ ಜಾರ್ಜಿಯದ ಲಗ್ರೇಂಜ್‌ಗೆ ಹೋಯಿತು.

ಪರೀಕ್ಷೆಗೆ ಓದುವವರಿಗೆ ಇನ್ನೊಂದು ವಿಷಯ. ಬಂದೂಕಿನ ಮೇಲೆ ತಯಾರಕರ ಹೆಸರಿನೊಂದಿಗೆ ಊರು ಮತ್ತು ರಾಜ್ಯವನ್ನೂ ಕೆತ್ತಬೇಕೆಂಬುದು ಅಮೆರಿಕದ ಒಕ್ಕೂಟ ಸರ್ಕಾರದ ನಿಯಮ. ಆ ಕೆತ್ತನೆ ಪರವಾನಗಿದಾರರ ವ್ಯವಹಾರದ ಸ್ಥಳವನ್ನು ಹೇಳುತ್ತದೆಯೇ ಹೊರತು ಒಳಗಿನ ಪ್ರತಿಯೊಂದು ತುಂಡನ್ನು ಎಲ್ಲಿ ಬಡಿದು ಕಡಿಯಲಾಯಿತು ಎಂಬುದನ್ನಲ್ಲ. ಆದ್ದರಿಂದ ಟೆನೆಸ್ಸಿಯ ಊರಿನ ಹೆಸರು ಹೊತ್ತ ಬಂದೂಕಿನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಕಡಿದ ಉಕ್ಕು ಇರಬಹುದು, ಮತ್ತು ಉತ್ಪಾದನೆಯ ಭೂಪಟ ಬರೆಯುವಾಗ ಕೆತ್ತನೆಯೊಂದನ್ನೇ ಆಧಾರವಾಗಿ ಹಿಡಿಯಲಾಗದು.