ಕೋಡೊಲೆಯ ಲೆಕ್ಕ

ಪ್ರಶ್ನೆ: ಕಲ್ಲಿದ್ದಲು ಸ್ಥಾವರದ ದಕ್ಷತೆ ನೂರಕ್ಕೆ 35ರ ಆಸುಪಾಸು ಅಂತ ಓದಿದ್ದೆ. ಗ್ಯಾಸಿನ ಕೋಜನರೇಷನ್ ಸ್ಥಾವರಕ್ಕೆ 80 ಅಂತಾರಲ್ಲ ಸರ್, ಅದ್ಹೇಗೆ? ನಮ್ಮ ರೈಸ್ ಮಿಲ್ಲಿಗೆ ಒಂದು ಹಾಕಿಸಬಹುದಾ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಅಜ್ಜಿ ಮನೆಯಲ್ಲಿ ಕೋಡೊಲೆ ಇತ್ತೇ? ಮುಂದಿನ ಒಲೆ ಮೇಲೆ ರೊಟ್ಟಿ ಹಂಚು. ಅದರ ಉರಿಯೇ ಪಕ್ಕಕ್ಕೆ ಹರಿದು ಕೋಡೊಲೆಯ ಮೇಲಿನ ಸಾರು ಕುದಿಯುತ್ತಿತ್ತು. ಸಾರಿಗೆಂದು ಬೇರೆ ಸೌದೆ ಯಾರೂ ಒಟ್ಟುತ್ತಿರಲಿಲ್ಲ. ಕೋಜನರೇಷನ್ ಅಂದರೆ ಅದೇ. ಮುಂದಿನ ಒಲೆ ಕರೆಂಟಿನದು, ಕೋಡೊಲೆ ಸ್ಟೀಮಿನದು. 80 ಅನ್ನುವುದು ಎರಡೂ ಕೂಡಿದ ಅಂಕಿ. ಸಣ್ಣ ಟರ್ಬೈನಾದರೆ ಅದರಲ್ಲಿ ಕರೆಂಟಿನ ಪಾಲು 30-35, ಅಷ್ಟೇ.

ಒಳಗೆ ಏನಾಗುತ್ತದೆ ನೋಡಿ. ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಹದಿನೈದು ಪಟ್ಟೋ ಇನ್ನೂ ಜಾಸ್ತಿಯೋ ಒತ್ತುತ್ತದೆ. ಆ ಗಾಳಿಯಲ್ಲಿ ಗ್ಯಾಸ್ ಉರಿದು, ಬಿಸಿ ಗಾಳಿ ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ. ತಮಾಷೆ ಏನೆಂದರೆ, ಟರ್ಬೈನು ದುಡಿದದ್ದರಲ್ಲಿ ಅರ್ಧದಷ್ಟನ್ನು ಕಂಪ್ರೆಸರೇ ತಿಂದುಬಿಡುತ್ತದೆ. ಉಳಿದದ್ದು ಜನರೇಟರಿಗೆ. ಹೊರಬೀಳುವ ಹೊಗೆ ಆಗಲೂ 500 ಡಿಗ್ರಿ ಆಸುಪಾಸು ಇರುತ್ತದೆ. ಅದನ್ನು ಹಾಗೇ ಆಕಾಶಕ್ಕೆ ಬಿಡದೆ, ನೀರು ಹರಿಯುವ ಕೊಳವೆಗಳ ಸಾಲಿನ ನಡುವೆ ಹಾಯಿಸಿದರೆ ಸ್ಟೀಮ್ ಸಿಗುತ್ತದೆ. ಚಿಮಣಿ ತಲುಪುವಾಗ ಆ ಹೊಗೆ 120-150 ಡಿಗ್ರಿಗೆ ಇಳಿದಿರುತ್ತದೆ. ಯಲಹಂಕದ 370 ಮೆಗಾವಾಟ್ ಸ್ಥಾವರದಲ್ಲಿ ಆ ಸ್ಟೀಮಿನಿಂದ ಇನ್ನೊಂದು ಟರ್ಬೈನ್ ತಿರುಗಿಸಿ ಮತ್ತೆ ಕರೆಂಟೇ ತೆಗೆಯುತ್ತಾರೆ. ಅದು ಕಂಬೈಂಡ್ ಸೈಕಲ್, ಬೇರೆ ಕಥೆ.

ಈಗ ಲೆಕ್ಕ. 100 ಪಾಲು ಗ್ಯಾಸ್ ಉರಿಸಿದಿರಿ: 33 ಕರೆಂಟು, 47 ಸ್ಟೀಮ್, 20 ನಷ್ಟ. ಇವನ್ನೇ ಬೇರೆ ಬೇರೆ ಮಾಡಿದರೆ? 33 ಪಾಲು ಕರೆಂಟಿಗೆ ಕಲ್ಲಿದ್ದಲು ಸ್ಥಾವರ 94 ಪಾಲು ಇಂಧನ ಉರಿಸಬೇಕು. 47 ಪಾಲು ಸ್ಟೀಮಿಗೆ ಒಳ್ಳೆ ಬಾಯ್ಲರ್ ಆದರೂ 55 ಬೇಕು. ಒಟ್ಟು 149. ಮೂರರಲ್ಲಿ ಒಂದು ಪಾಲು ಇಂಧನ ಉಳಿಯಿತು. 35ಕ್ಕೂ 80ಕ್ಕೂ ತಾಳೆ ಹಾಕುವುದಕ್ಕಿಂತ ಇದು ನ್ಯಾಯವಾದ ಹೋಲಿಕೆ.

ಆದರೆ ಸಾರು ಬೇಡವಾದ ದಿನ ಕೋಡೊಲೆ ಉರಿದು ಏನು ಬಂತು? ಸ್ಟೀಮ್ ಕೊಳ್ಳುವವರು ಪಕ್ಕದಲ್ಲೇ, ಹಗಲೂ ರಾತ್ರಿ ಇರಬೇಕು. ಇಲ್ಲದಿದ್ದರೆ 80 ಹೋಗಿ 33 ಉಳಿಯುತ್ತದೆ.

ಇನ್ನು ನಮ್ಮ ಬಿಸಿಲು. ಟರ್ಬೈನಿನ ಮೇಲೆ ಬರೆದ ಮೆಗಾವಾಟ್ 15 ಡಿಗ್ರಿ ಗಾಳಿಗೆ, ಸಮುದ್ರಮಟ್ಟಕ್ಕೆ ಹೇಳಿದ್ದು. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಚಿತ್ರದುರ್ಗ ಇನ್ನೂ ಮೇಲೆ. ಏಪ್ರಿಲ್ ಮಧ್ಯಾಹ್ನದ 38-40 ಡಿಗ್ರಿಗೆ ಗಾಳಿ ಹಗುರಾಗಿ, ಎತ್ತರವೂ ಸೇರಿ, ಐದರಲ್ಲಿ ಒಂದು ಪಾಲು ಉತ್ಪಾದನೆ ಖೋತಾ ಆದರೆ ಆಶ್ಚರ್ಯವಿಲ್ಲ. ಒಂದು ಸಮಾಧಾನ: ನಮ್ಮ ಬೇಸಿಗೆ ಒಣ ಬೇಸಿಗೆ. ಗಾಳಿ ಒಳಹೋಗುವ ಬಾಯಿಗೆ ಮನೆ ಕೂಲರಿನಂತೆ ನೀರು ಇಳಿಯುವ ಪ್ಯಾಡ್ ಕಟ್ಟಿದರೆ ಚೆನ್ನಾಗಿ ತಂಪಾಗುತ್ತದೆ. ಮಂಗಳೂರಿನ ತೇವದಲ್ಲಿ ಆ ಉಪಾಯ ಅಷ್ಟು ನಡೆಯದು.

ನಿಮ್ಮ ಮಿಲ್ಲಿಗೆ? 2013ರಲ್ಲಿ ಶುರುವಾದ ದಾಭೋಳ್-ಬೆಂಗಳೂರು ಗ್ಯಾಸ್ ಪೈಪ್‌ಲೈನ್ ನಮ್ಮ ಸೀಮೆಯಲ್ಲೇ ಹಾದುಹೋಗಿದೆ, ನಿಜ. ಆದರೆ ಭತ್ತದ ಹೊಟ್ಟು ನಿಮ್ಮ ಅಂಗಳದಲ್ಲೇ ರಾಶಿ ಬಿದ್ದಿರುವಾಗ ಗ್ಯಾಸ್ ಕೊಂಡು ಸ್ಟೀಮ್ ಮಾಡುವುದು ನನಗಂತೂ ಗಿಟ್ಟುವಂತೆ ಕಾಣದು. ಕಬ್ಬಿನ ಸಿಪ್ಪೆ ಉರಿಸುವ ಸಕ್ಕರೆ ಕಾರ್ಖಾನೆಗಳ ಹಾಗೆ ಹೊಟ್ಟಿನಿಂದಲೇ ಕೋಜನರೇಷನ್ ಯೋಚಿಸಬಹುದು. ಗ್ಯಾಸಿನದು ದೊಡ್ಡ ಆಸ್ಪತ್ರೆಗೆ ಒಗ್ಗೀತು: ಬಿಸಿನೀರು, ಲಾಂಡ್ರಿ ವರ್ಷವಿಡೀ ಇರುತ್ತವೆ, ಅದೇ ಸ್ಟೀಮಿನಿಂದ ಎ.ಸಿ.ಗೆ ಬೇಕಾದ ತಣ್ಣೀರನ್ನೂ ಮಾಡಬಹುದು.

ಯಾವುದಕ್ಕೂ ಮೊದಲು ಒಂದು ವರ್ಷದ ಸ್ಟೀಮ್ ಲೆಕ್ಕ ಬರೆದಿಡಿ, ಗಂಟೆಗೆ ಎಷ್ಟು ಟನ್ ಅಂತ. ಪರಿಚಯದ ಮಿಲ್ ಮಾಲೀಕರೊಬ್ಬರಿಗೂ ಹೀಗೇ ಹೇಳಿದ್ದೆ. ಬಾಯ್ಲರ್ ಮನೆಗೆ ಕರೆದೊಯ್ದರು. ಕರೆಂಟಿಗೆ ಮೂರು ಮೀಟರ್ ಇದ್ದವು. ಸ್ಟೀಮಿಗೆ ಒಂದೂ ಇರಲಿಲ್ಲ.