ಸ್ಕ್ಯಾನಿಗೆ ಸಿಗದ ಸೊಂಟ ನೋವು

ಸೊಂಟ ನೋವೆಂದು ಮೂಳೆ ಡಾಕ್ಟರ ಹತ್ತಿರ ಹೋದವರಲ್ಲಿ ಹಲವರು ಕೈಯಲ್ಲೊಂದು ದೊಡ್ಡ ಲಕೋಟೆ ಹಿಡಿದು ಮನೆಗೆ ಬರುತ್ತಾರೆ. ಒಳಗೆ ಎಂಆರ್‌ಐ ಫಿಲ್ಮು, ಜೊತೆಗೊಂದು ವರದಿ: ಡಿಸ್ಕ್, ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ, ಸವೆದಿದೆ, ಉಬ್ಬಿದೆ. ಅಂದಿನಿಂದ ಮನೆಮಂದಿಯ ಬಾಯಲ್ಲಿ ಒಂದೇ ಮಾತು: "ಡಿಸ್ಕ್ ಜಾರಿದೆಯಂತೆ, ಬಗ್ಗಬೇಡ, ಬಿಂದಿಗೆ ಎತ್ತಬೇಡ." ನೋವಿಗೊಂದು ಹೆಸರು ಸಿಕ್ಕ ಸಮಾಧಾನದ ಬೆನ್ನಿಗೇ ಹೆದರಿಕೆಯೂ ಮನೆ ಹೊಕ್ಕಿರುತ್ತದೆ.

ನೋವೇ ಇಲ್ಲದವರನ್ನು ಅದೇ ಯಂತ್ರದೊಳಗೆ ಮಲಗಿಸಿದರೆ ಏನು ಕಂಡೀತು? ಅಮೆರಿಕದ ವೈದ್ಯರು ಇದನ್ನು ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೊಂಟ ನೋವಿಲ್ಲದ 98 ಜನರಲ್ಲಿ ಶೇ. 52ರಷ್ಟು ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ 3,110 ಜನರ ಚಿತ್ರಗಳ ಲೆಕ್ಕ ಹಾಕಲಾಯಿತು. ಇಪ್ಪತ್ತು ವರ್ಷದವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ, ಎಂಬತ್ತರಲ್ಲಿ ಶೇ. 96. ತಲೆ ನರೆಯುವ ಹಾಗೆ ಡಿಸ್ಕೂ ನರೆಯುತ್ತದೆ. ನರೆತ ಕೂದಲನ್ನು ಯಾರೂ ತಲೆನೋವಿಗೆ ಕಾರಣ ಎನ್ನುವುದಿಲ್ಲ.

ಹಾಗೆಂದು ಸ್ಕ್ಯಾನ್ ದಂಡವಲ್ಲ. ಕಾಲಿನ ಶಕ್ತಿ ಕುಂದುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಮರಗಟ್ಟಿದರೆ, ನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ತೋರಿಸಲೇಬೇಕು. ಆದರೆ ಸೊಂಟ ನೋವಿನವರಲ್ಲಿ ಇಂಥವರು ಕಡಿಮೆ. ಉಳಿದವರ ನೋವನ್ನು ಬರೀ ಮೂಳೆ, ನರ, ಡಿಸ್ಕುಗಳ ಲೆಕ್ಕದಲ್ಲಿ ವಿವರಿಸಲು ಹೊರಟರೆ ಲೆಕ್ಕ ತಾಳೆಯಾಗುವುದಿಲ್ಲ.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ಹೇಳಿದ್ದು ಇದನ್ನೇ. ಕಾಯಿಲೆಯನ್ನು ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿಯೇ ನೋಡಬೇಕೆಂದು 'ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದರು. ಹತ್ತು ವರ್ಷಗಳ ನಂತರ ಸ್ಕಾಟ್ಲೆಂಡಿನ ಮೂಳೆ ಶಸ್ತ್ರವೈದ್ಯ ಗೋರ್ಡನ್ ವಾಡೆಲ್ ಈ ಕಣ್ಣಿನಿಂದ ಸೊಂಟ ನೋವನ್ನು ನೋಡಿದರು. ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವ ಚಿಕಿತ್ಸೆ ಜನರನ್ನು ಇನ್ನಷ್ಟು ಅಶಕ್ತರನ್ನಾಗಿ ಮಾಡುತ್ತಿದೆ ಎಂದರು. ಕತ್ತಿ ಹಿಡಿಯುವ ವೈದ್ಯರೇ ಹಾಗೆಂದದ್ದು ಸಣ್ಣ ಮಾತಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಆಗುತ್ತದೆ, ಅದು ನನ್ನನ್ನು ತುಂಬ ನೋಯಿಸುತ್ತದೆ. 'ಮನಸ್ಸು' ಎಂಬ ಪದ ಕಿವಿಗೆ ಬಿದ್ದೊಡನೆ ರೋಗಿಗೆ "ನಿನ್ನ ನೋವು ಸುಳ್ಳು" ಎಂದಂತೆ ಕೇಳಿಸುತ್ತದೆ. ಎಷ್ಟೋ ಸಲ ಹೇಳುವವರ ಅರ್ಥವೂ ಅದೇ ಆಗಿರುತ್ತದೆ. ನೋವು ಸುಳ್ಳಲ್ಲ. ಬೆನ್ನುಹುರಿಗೆ ಬರುವ ಸಂಕೇತಗಳನ್ನು ಮಿದುಳು ತಗ್ಗಿಸಲೂ ಬಲ್ಲದು, ಹಿಗ್ಗಿಸಲೂ ಬಲ್ಲದು. ನಿದ್ದೆಗೆಟ್ಟ ರಾತ್ರಿಗಳು, "ಬಗ್ಗಿದರೆ ಬೆನ್ನು ಮುರಿದೀತು" ಎಂಬ ಭಯ, ಸಾಲದ ಚಿಂತೆ ಇವೆಲ್ಲ ಆ ಹತೋಟಿಯನ್ನು ಹಿಗ್ಗಿಸುವ ಕಡೆಗೇ ತಳ್ಳಬಲ್ಲವು. ನೋವು ಬಹುಕಾಲ ಉಳಿದರೆ ನರಗಳೇ ಸೂಕ್ಷ್ಮವಾಗಿ, ಮೊದಲು ನೋಯದಿದ್ದ ಸ್ಪರ್ಶವೂ ನೋಯತೊಡಗಬಹುದು. ಹೆದರಿ ಅಲುಗಾಡದೆ ಕೂತರೆ ಸ್ನಾಯು ಸೊರಗುತ್ತದೆ, ಸೊರಗಿದ ಸೊಂಟ ಇನ್ನೂ ಬೇಗ ನೋಯುತ್ತದೆ.

ಸಮಾಜದ ಪಾಲು ಎಷ್ಟೆಂಬುದನ್ನು ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯ ಮೂರು ಸಾವಿರಕ್ಕೂ ಹೆಚ್ಚು ಕೆಲಸಗಾರರ ಮೇಲೆ ನಡೆದ ಅಧ್ಯಯನ 1991ರಲ್ಲಿ ತೋರಿಸಿತು. ಮಾಡುವ ಕೆಲಸದಲ್ಲಿ ಖುಷಿಯೇ ಕಾಣದವರು ಮುಂದಿನ ವರ್ಷಗಳಲ್ಲಿ ಬೆನ್ನಿಗೆ ಪೆಟ್ಟಾಯಿತೆಂದು ದೂರುವ ಸಾಧ್ಯತೆ, ಸದಾ ಖುಷಿಯಿಂದ ದುಡಿಯುವವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1997ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಸೊಂಟ ನೋವಿಗೆ ಹೆದರಿ ಮಲಗಬೇಡಿ, ಓಡಾಡಿಕೊಂಡಿರಿ, ಆದಷ್ಟು ಕೆಲಸಕ್ಕೆ ಹೋಗಿ ಎಂದು ಟಿವಿಯಲ್ಲಿ ಜಾಹೀರಾತು ಕೊಟ್ಟಿತು. ಜನರ ನಂಬಿಕೆ ಬದಲಾಯಿತು, ವೈದ್ಯರದ್ದೂ ಬದಲಾಯಿತು, ಬೆನ್ನು ನೋವಿನ ಪರಿಹಾರ ಕೋರಿ ಬರುವ ಅರ್ಜಿಗಳು ಶೇ. 15ಕ್ಕೂ ಹೆಚ್ಚು ಇಳಿದವು.

ಆದರೆ ಈ ಸಲಹೆಯನ್ನು ಹಾಗೇ ತಂದು ನಮ್ಮ ಗದ್ದೆಯ ಬದುವಿನ ಮೇಲೆ ನಿಲ್ಲಿಸಲಾಗದು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಾಟಿ ಹಾಕುವ ಹೆಣ್ಣುಮಗಳಿಗೆ "ಓಡಾಡಿಕೊಂಡಿರಿ" ಎಂದರೆ ಏನು ಹೇಳಿದಂತಾಯಿತು? ಅವಳಿಗೆ ಬೇಕಾದದ್ದು ನಡುನಡುವೆ ನೆಟ್ಟಗೆ ನಿಲ್ಲುವ ಬಿಡುವು. ನೀರು ಮನೆ ಬಾಗಿಲಿಗೆ ಬರಬೇಕು, ಎರಡು ದಿನ ರಜೆ ಹಾಕಿದರೆ ಕೂಲಿ ಹೋಗಬಾರದು. ಅದೇ ಉಬ್ಬಿದ ಡಿಸ್ಕ್ ಬೆಂಗಳೂರಿನ ಆಫೀಸಿನಲ್ಲಿ ಕೂತವನಿಗೂ ಇರಬಹುದು. ಅವನಿಗೆ ಎದ್ದು ನಡೆದಾಡಿದರೆ ಹಗುರ, ಮನೆಯಿಂದ ಕೆಲಸ ಮಾಡಲೂ ಅವಕಾಶವಿದ್ದೀತು. ಡಿಸ್ಕ್ ಒಂದೇ, ಅಂಗವೈಕಲ್ಯ ಬೇರೆ. ದೇಹ, ಮನಸ್ಸು, ಸಮಾಜ ಎಂದು ಮೂರನ್ನೂ ಹೇಳುವವರು ಕೊನೆಯದನ್ನು ಬೇಗ ಕೈಬಿಡುತ್ತಾರೆ, ಯಾಕೆಂದರೆ ಅದನ್ನು ಔಷಧಿ ಚೀಟಿಯಲ್ಲಿ ಬರೆಯಲಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ಅಂಗವೈಕಲ್ಯದ ವರ್ಗೀಕರಣ ಇದನ್ನು ಬರವಣಿಗೆಗೆ ತಂದಿತು. ದೇಹದಲ್ಲಿ ಏನು ಕೆಟ್ಟಿದೆ ಎಂಬುದರ ಜೊತೆಗೆ, ವ್ಯಕ್ತಿ ಏನು ಮಾಡಬಲ್ಲ, ಊರಿನ ಬದುಕಿನಲ್ಲಿ ಎಷ್ಟು ಪಾಲ್ಗೊಳ್ಳುತ್ತಾನೆ, ಸುತ್ತಲಿನದು ಏನು ಅಡ್ಡ ಬರುತ್ತದೆ ಎಂದೂ ಅದು ಕೇಳುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಖ್ಯೆಯಲ್ಲೂ ಈ ಅಡೆತಡೆಗಳ ಮಾತಿದೆ. ಆದರೆ ಪ್ರಮಾಣಪತ್ರ ಮಾಡಿಸಲು ಹೋದಾಗ ಕೀಲು ಎಷ್ಟು ಮಡಚುತ್ತದೆ, ಸ್ನಾಯು ಎಷ್ಟು ಬಲವಿದೆ ಎಂದು ಅಳೆಯುತ್ತಾರೆ, ಹಲವು ಸೌಲಭ್ಯಗಳಿಗೆ ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕು. ಆಸ್ಪತ್ರೆಗೆ ಬರಲು ನಾಟಿ ಹಾಕುವ ಆ ಹೆಣ್ಣುಮಗಳು ಹತ್ತಿದ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವಿತ್ತೆಂದು ಬರೆಯಲು ಆ ಹಾಳೆಯಲ್ಲಿ ಜಾಗವಿಲ್ಲ.